ಮೈಸೂರು ಅರಮನೆ: ಮೊಣಕಾಲು ನೋವಿನ ಅವ್ವ, ಒಂದು ಕಡೆ ನಿಲ್ಲದ ಮಗ, ಸಿಗುವುದು ಒಂದೇ ಭಾನುವಾರ. ಹೇಗೆ ನೋಡುವುದು?

ಬಾಗಲಕೋಟೆ_ಬಸು

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅವ್ವನನ್ನೂ ಮಗನನ್ನೂ ಕರೆದುಕೊಂಡು ಮೈಸೂರಿಗೆ ಹೊರಟಿದ್ದೇನೆ. ಶನಿವಾರ ಮಧ್ಯಾಹ್ನ ಮುಟ್ಟುತ್ತೇವೆ, ಸೋಮವಾರ ಬೆಳಿಗ್ಗೆ ವಾಪಸ್ ರೈಲು. ಅಂದರೆ ಅರಮನೆಗೆ ಅಂತ ಸಿಗುವುದು ಭಾನುವಾರ ಒಂದೇ.

ಅವ್ವನಿಗೆ ಎಪ್ಪತ್ತರ ಹತ್ತಿರ. ಮೊಣಕಾಲು ನೋವು. ಮೆಟ್ಟಿಲು ಹತ್ತುತ್ತಾಳೆ, ಆದರೆ ನಿಧಾನ, ನಡುವೆ ಒಮ್ಮೆ ಕೂರಬೇಕು. ಮಗ ಮೂರನೇ ಕ್ಲಾಸು, ಅವನು ಕೂರುವವನೇ ಅಲ್ಲ. ಊರಲ್ಲಿ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ದೀಪ ಹಚ್ಚಿದ ಅರಮನೆಯ ಚಿತ್ರ ಇತ್ತು, ಅವ್ವನಿಗೆ ಅರಮನೆ ಅಂದರೆ ಅದೇ. "ಅದನ್ನ ಒಮ್ಮೆ ಖರೇನ ನೋಡಬೇಕೋ" ಅಂತ ಬಹಳ ದಿನದಿಂದ ಹೇಳುತ್ತಾಳೆ. ನಾನು ಹೈಸ್ಕೂಲ್ ಪ್ರವಾಸದಲ್ಲಿ ಬಂದಿದ್ದೆ, ಆದರೆ ನೆನಪಿರುವುದು ಲೈನಿನಲ್ಲಿ ನನ್ನ ಮುಂದೆ ನಿಂತವನ ಬೆನ್ನು, ಮತ್ತೆ ಮಾಸ್ತರರ ಸೀಟಿ. ಅಷ್ಟೇ.

ನನ್ನ ಪ್ರಶ್ನೆ ಇಷ್ಟು. ಭಾನುವಾರ ಗದ್ದಲ ಎಷ್ಟಿರುತ್ತದೆ, ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಗೈಡ್ ಬೇಕಾ? ಆಫೀಸಿನ ಒಬ್ಬರು "ಒಳಗೆ ಏನೂ ಇಲ್ಲ ಮಾರಾಯ, ಜನ ತಳ್ಳಿಕೊಂಡು ಹೋಗುತ್ತಾರೆ, ಅರ್ಧ ಗಂಟೆಯಲ್ಲಿ ಹೊರಗೆ ಬಂದಿರುತ್ತೀ, ಸುಮ್ನೆ ಸಂಜೆ ದೀಪ ನೋಡಿಕೊಂಡು ಬಾ" ಅಂದರು. ಅದು ನಿಜವಾ? ದೀಪ ಮಾತ್ರ ನೋಡಿದರೆ ಸಾಕು ಅನ್ನುವುದಾದರೆ ಅವ್ವನ ಕಾಲಿಗೂ ಆರಾಮ. ಗೊತ್ತಿದ್ದವರು ಹೇಳಿ.

ಅಗ್ರಹಾರದ_ಹಳಬ

ಬಸು ಅವರೇ, ನಿಮ್ಮ ಆಫೀಸಿನವರು ಹೇಳಿದ್ದರಲ್ಲಿ ಅರ್ಧ ನಿಜ. ಜನ ತಳ್ಳಿಕೊಂಡು ಹೋಗುತ್ತಾರೆ. ಆದರೆ ತಳ್ಳಿಸಿಕೊಳ್ಳಲೇಬೇಕು ಅಂತೇನಿಲ್ಲ.

ಮೊದಲು ದೀಪದ ವಿಷಯ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ದೀಪ ಹಾಕುತ್ತಾರೆ, ಸುಮಾರು ಮುಕ್ಕಾಲು ಗಂಟೆ ಇರುತ್ತದೆ. ಬೇರೆ ದಿನ ಧ್ವನಿ-ಬೆಳಕಿನ ಕಾರ್ಯಕ್ರಮ, ಅದಕ್ಕೆ ಬೇರೆ ಟಿಕೆಟ್, ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ದೀಪ. ಹಾಗಾಗಿ ಕ್ಯಾಲೆಂಡರಿನ ಅರಮನೆ ಬೇಕು ಅಂದರೆ ಭಾನುವಾರವೇ ಸರಿ, ನಿಮಗೆ ದಿನ ತಾನಾಗಿಯೇ ಕೂಡಿಬಂದಿದೆ. ಅದನ್ನು ನೋಡಲು ದುಡ್ಡಿಲ್ಲ, ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತವೆ, ನೆರೆದ ಅಷ್ಟೂ ಜನ ಒಂದೇ ಸಲ "ಹೋ" ಅನ್ನುತ್ತಾರೆ. ಮೈಸೂರಿನಲ್ಲೇ ಹುಟ್ಟಿದ ನನಗೂ ಆ "ಹೋ" ಇಷ್ಟ.

ಆದರೆ ಒಳಗಿನದನ್ನು ಬಿಡಬೇಡಿ. ಎರಡು ಸಲ ಹೋಗಿ. ಬೆಳಿಗ್ಗೆ 10ಕ್ಕೆ ಬಾಗಿಲು ತೆಗೆಯುತ್ತಾರೆ, ಅದಕ್ಕೆ ಸ್ವಲ್ಪ ಮುಂಚೆಯೇ ದಕ್ಷಿಣದ ವರಾಹ ಬಾಗಿಲಿನ ಹತ್ತಿರ ಇರಿ, ಪ್ರವಾಸಿಗರು ಒಳಗೆ ಹೋಗುವುದು ಅಲ್ಲಿಂದ. ಹನ್ನೊಂದೂವರೆಯ ಮೇಲೆ ಬಸ್ಸುಗಟ್ಟಲೆ ಶಾಲೆ ಮಕ್ಕಳು, ಬೆಂಗಳೂರಿನ ಕಾರುಗಳು, ಊಟಿಗೆ ಹೋಗುವ ಟೂರಿಸ್ಟ್ ವ್ಯಾನುಗಳು ಎಲ್ಲಾ ಬಂದು ಬೀಳುತ್ತವೆ. ಜನವರಿ ಅಂದರೆ ಶಾಲೆ ಪ್ರವಾಸದ ಸೀಸನ್ ಬೇರೆ. ಇನ್ನೊಂದು ಲಾಭ, ಅರಮನೆ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಮುಂಭಾಗಕ್ಕೆ ಬೀಳುತ್ತದೆ. ಫೋಟೋ ಆಗಲೇ ತೆಗೆದುಬಿಡಿ. ಸಂಜೆ ನಾಲ್ಕಕ್ಕೆ ತೆಗೆದರೆ ಸೂರ್ಯ ಗೋಪುರದ ಹಿಂದೆ, ಎಲ್ಲರ ಮುಖ ಕಪ್ಪು.

ಒಳಗೆ ಹೋದಾಗ ಮೊದಲು ಸಿಗುವುದು ಗೊಂಬೆ ತೊಟ್ಟಿ, ಅಂದರೆ ಗೊಂಬೆಗಳನ್ನು ಇಟ್ಟಿರುವ ಅಂಗಳ. ಆಮೇಲೆ ಹಿತ್ತಾಳೆಯ ಆನೆ ಬಾಗಿಲು. ಅದರ ಮೇಲಿರುವ ಎರಡು ತಲೆಯ ಹಕ್ಕಿಯನ್ನು ಮಗನಿಗೆ ತೋರಿಸಿ, ಗಂಡಭೇರುಂಡ. ನಮ್ಮ ಸರ್ಕಾರದ ಮುದ್ರೆಯಲ್ಲಿ ಇರುವುದೂ ಅದೇ ಹಕ್ಕಿ, ಅವನ ಪಠ್ಯಪುಸ್ತಕದ ರಟ್ಟಿನಲ್ಲೂ ಸಿಗಬಹುದು. ಮುಂದೆ ಕಲ್ಯಾಣ ಮಂಟಪ. ಎಲ್ಲರೂ ಅಲ್ಲಿ ತಲೆ ಎತ್ತುತ್ತಾರೆ, ಎತ್ತಲೇಬೇಕು, ಎಂಟು ಮೂಲೆಯ ಮಂಟಪದ ಮೇಲೆ ನವಿಲಿನ ಬಣ್ಣದ ಗಾಜು. ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ.

ನೀವು ಹೊರಡಬೇಡಿ. ಅದೇ ಮಂಟಪದ ಸುತ್ತಲಿನ ಗೋಡೆಗಳನ್ನು ನೋಡಿ. ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. ಬೇರೆ ಬೇರೆ ಚಿತ್ರ ಅಂತ ನೋಡಿದರೆ ಏನೂ ತಿಳಿಯುವುದಿಲ್ಲ, ಒಂದೇ ಮೆರವಣಿಗೆ ಗೋಡೆಯ ಮೇಲೆ ಸಾಗುತ್ತಿದೆ ಅಂತ ನೋಡುತ್ತಾ ನಡೆಯಬೇಕು. ಕುದುರೆ ಸವಾರರು, ಕಾಲಾಳುಗಳು, ಬ್ಯಾಂಡಿನವರು, ಆನೆಗಳು, ಪಕ್ಕದಲ್ಲಿ ನಿಂತು ನೋಡುವ ಊರ ಜನ. ಎಲ್ಲಾ ನಿಜವಾದ ಮನುಷ್ಯರ ಮುಖ, ಫೋಟೋ ಇಟ್ಟುಕೊಂಡು ಬರೆದದ್ದು. ಒಬ್ಬನ ಪೇಟ ಇನ್ನೊಬ್ಬನ ಹಾಗಿಲ್ಲ. ಹತ್ತಿರ ಹೋಗಿ ನೋಡಿದರೆ ಕೆಲವರು ಅಂಬಾರಿಯ ಕಡೆ ನೋಡುವುದು ಬಿಟ್ಟು ನೇರ ನಮ್ಮ ಕಡೆಯೇ ನೋಡುತ್ತಿದ್ದಾರೆ ಅನಿಸುತ್ತದೆ. ಅಂಬಾರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಜೊತೆಗೆ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ಅವರ ಮಗ ಜಯಚಾಮರಾಜ. ಮೈಸೂರಿನ ಹಳೇ ಮನೆತನದ ಕೆಲವರು ಬಂದು "ಇವರು ನಮ್ಮ ತಾತ" ಅಂತ ಬೆರಳಿಟ್ಟು ತೋರಿಸಿದ್ದನ್ನು ನಾನೇ ನೋಡಿದ್ದೇನೆ.

ಗೈಡ್ ಬಗ್ಗೆ ಬೇರೆಯವರು ಹೇಳಲಿ, ನನಗೆ ಆ ವಿಷಯದಲ್ಲಿ ಸ್ವಲ್ಪ ಸಿಟ್ಟಿದೆ.

ಕಬ್ಬಿಣ_ಕಲ್ಲು_ಗಾರೆ

ಹಳಬರು ಗೋಡೆ ಹೇಳಿದರು, ನಾನು ಕಂಬ ಹೇಳುತ್ತೇನೆ. ಸಿವಿಲ್ ಇಂಜಿನಿಯರ್, ಕ್ಷಮಿಸಿ, ಅರಮನೆಗೆ ಹೋದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಕಲ್ಯಾಣ ಮಂಟಪದ ಕಂಬಗಳನ್ನು ನೋಡಿದರೆ ಕಲ್ಲೋ ಮರವೋ ಅನಿಸುತ್ತದೆ. ಅವು ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಕಾರ್ಖಾನೆಯಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದದ್ದು. ಯಾಕೆ ಕಬ್ಬಿಣ? ಹಿಂದಿನ ಅರಮನೆ ಸುಟ್ಟುಹೋದದ್ದಕ್ಕೆ. ಈಗಿರುವ ಜಾಗದಲ್ಲೇ ಮೊದಲು ಮರದ ಅರಮನೆ ಇತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರಲ್ಲ, ಆ ಕಾಲದಲ್ಲಿ ಕಟ್ಟಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಹೋಯಿತು. ಚಾಮರಾಜ ಒಡೆಯರು 1894ರಲ್ಲೇ ತೀರಿಕೊಂಡಿದ್ದರು, ನಾಲ್ವಡಿಯವರು ಇನ್ನೂ ಹುಡುಗ. ಆಡಳಿತ ನೋಡುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಗಂಡ ಸತ್ತು ಎರಡು ವರ್ಷ ದಾಟಿತ್ತಷ್ಟೇ, ಮಗಳ ಮದುವೆ, ಆ ಮದುವೆಯಲ್ಲೇ ಮನೆ ಸುಟ್ಟಿತು. ಅದೇ ವರ್ಷ ಹೊಸ ಅರಮನೆಗೆ ಕೈ ಹಾಕಿದ್ದಾರೆ ಆ ತಾಯಿ. ಅರಮನೆ ನೋಡಲು ಬಂದವರು ಅವರ ಹೆಸರು ಕೇಳಿಕೊಂಡು ಹೋಗುವುದೇ ಕಡಿಮೆ, ಅದು ನನಗೆ ಬೇಜಾರು.

ಹಾಗಾಗಿ ಹೊಸ ಕಟ್ಟಡದಲ್ಲಿ ಬೆಂಕಿಯ ಭಯವೇ ಮೊದಲ ಲೆಕ್ಕ. ಕಲ್ಲು, ಇಟ್ಟಿಗೆ, ಕಬ್ಬಿಣ ಜಾಸ್ತಿ. ಮರ ಇರುವುದು ಬಾಗಿಲಿಗೆ, ಕೆಲವು ಚಾವಣಿಯ ಕೆತ್ತನೆಗೆ. ವಿನ್ಯಾಸ ಹೆನ್ರಿ ಇರ್ವಿನ್ ಅವರದು, ಶಿಮ್ಲಾದಲ್ಲಿ ವೈಸರಾಯ್ ಬಂಗಲೆ ಕಟ್ಟಿದವರೂ ಅವರೇ. 1912ರಲ್ಲಿ ಮುಗಿಯಿತು, ಖರ್ಚು ಆಗಿನ ಕಾಲದ ಸುಮಾರು 41 ಲಕ್ಷ ರೂಪಾಯಿ. ಗೋಪುರ 145 ಅಡಿ. ಮುಂಭಾಗದ ದೊಡ್ಡ ದರ್ಬಾರ್ ಹಾಲಿನ ಕಡೆ ಈಗ ಕಾಣುವ ರೂಪ ಬಂದದ್ದು ಇನ್ನೂ ಆಮೇಲೆ, 1940ರ ಹೊತ್ತಿಗೆ ಸೇರಿಸಿದ್ದು.

"ಬ್ರಿಟಿಷರು ಕಟ್ಟಿದ ಅರಮನೆ" ಅಂತ ಕೆಲವರು ಹೇಳುವುದನ್ನು ಕೇಳಿದರೆ ನನಗೆ ಆಗುವುದಿಲ್ಲ. ನಕ್ಷೆ ಇರ್ವಿನ್ ಅವರದು, ಕಬ್ಬಿಣ ಗ್ಲಾಸ್ಗೋದು, ಒಪ್ಪಿದೆ. ಮೇಲೆ ಅಂಬಾವಿಲಾಸಕ್ಕೆ, ಅಂದರೆ ರಾಜರ ಖಾಸಗಿ ದರ್ಬಾರಿನ ಹಾಲಿಗೆ ಹೋದಾಗ ಬಾಗಿಲುಗಳ ಹತ್ತಿರ ನಿಂತು ನೋಡಿ. ಬೀಟೆ ಮರದಲ್ಲಿ ದಂತ ಕೂರಿಸಿದ್ದಾರೆ. ಬಳ್ಳಿಯ ಒಂದೊಂದು ಎಲೆಗೂ ಮರದಲ್ಲಿ ಅಷ್ಟೇ ಅಳತೆಯ ಗುಂಡಿ ತೋಡಿ, ದಂತದ ಚೂರನ್ನು ಅದರೊಳಗೆ ಇಳಿಸಿ, ಮೇಲ್ಮೈ ಸಮ ಮಾಡಿದ್ದು. ಕಣ್ಣಿಗೆ ಎರಡು ಬಣ್ಣ ಕಾಣುತ್ತದೆ, ಸಂದು ಕಾಣುವುದಿಲ್ಲ. ಅದು ಮೈಸೂರಿನ ಕುಸುರಿ ಕೆಲಸ, ಈಗಲೂ ಊರಲ್ಲಿ ಮಾಡುವವರು ಇದ್ದಾರೆ, ದಂತ ಮಾತ್ರ ಇಲ್ಲ, ನಿಷೇಧ.

ಮದುಮಗಳ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಇರುವ ಜಯಲಕ್ಷ್ಮಿ ವಿಲಾಸ ಬಂಗಲೆ ಆಕೆಗಾಗಿಯೇ ಕಟ್ಟಿಸಿದ್ದು. ಆಕೆಯ ಗಂಡ ಕಾಂತರಾಜ ಅರಸು ಮುಂದೆ ಮೈಸೂರಿನ ದಿವಾನರಾದರು.

ಸುಮ್ನೆ_ಸುತ್ತೋನು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೈಯಬೇಡಿ.

ಭಾನುವಾರ ಅರಮನೆಯೊಳಗೆ ಹೋಗುವುದು ಅಂದರೆ ಸಂತೆಯೊಳಗೆ ಹೋದ ಹಾಗೆ. ಎಲ್ಲಾ ಕಡೆ ಕಟಕಟೆ, ಹಗ್ಗ, "ಮುಂದೆ ನಡೀರಿ ಮುಂದೆ ನಡೀರಿ". ಒಂದು ಕೋಣೆಯನ್ನು ಬಾಗಿಲಿನಲ್ಲಿ ನಿಂತು ಇಣುಕಬೇಕು, ಹಿಂದಿನವರ ಮೊಬೈಲು ನಮ್ಮ ಕಿವಿಯ ಪಕ್ಕ ಬಂದಿರುತ್ತದೆ. ಪುಟ್ಟ ಮಗು, ವಯಸ್ಸಾದ ತಾಯಿ ಇದ್ದರೆ ಯೋಚನೆ ಮಾಡಿ.

ಇನ್ನು ಹೊರಗಿನ ಕಾಟ. ಕಳೆದ ಸಲ ಸ್ಟೇಷನ್ನಿನಿಂದ ಹತ್ತಿದ ಆಟೋದವರು "ಅರಮನೆ ಈಗ ಕ್ಲೋಸು ಸಾರ್, ಪೂಜೆ ನಡೀತಾ ಇದೆ, ಒಂದು ಗಂಟೆಗೆ ತೆಗೀತಾರೆ, ಅಲ್ಲಿವರೆಗೂ ಸಿಲ್ಕ್ ಫ್ಯಾಕ್ಟರಿ ತೋರಿಸ್ತೀನಿ" ಅಂದರು. ಕರೆದುಕೊಂಡು ಹೋಗಿದ್ದು ಒಂದು ಅಂಗಡಿಗೆ. ಅಲ್ಲಿಂದ ಅಗರಬತ್ತಿ ಅಂಗಡಿಗೆ. ಅರಮನೆ ಬೆಳಿಗ್ಗೆಯಿಂದ ತೆಗೆದೇ ಇತ್ತು! ಇದು ಒಬ್ಬಿಬ್ಬರ ಕೆಲಸ, ಎಲ್ಲಾ ಆಟೋದವರೂ ಹಾಗಲ್ಲ, ಆದರೆ ಅರಮನೆ ಕ್ಲೋಸು ಅಂತ ರಸ್ತೆಯಲ್ಲಿ ಯಾರೇ ಹೇಳಿದರೂ ನಂಬಬೇಡಿ, ಗೇಟಿನವರೆಗೆ ಹೋಗಿ ಕಣ್ಣಾರೆ ನೋಡಿ. ಗೇಟಿನ ಹೊರಗೆ ಮೈಮೇಲೆ ಬೀಳುವ ಗೈಡುಗಳನ್ನೂ ಅಷ್ಟೇ. ಗೈಡ್ ಬೇಕೇ ಬೇಕು ಅಂದರೆ ಟಿಕೆಟ್ ಕೌಂಟರಿನ ಹತ್ತಿರ ಗುರುತಿನ ಚೀಟಿ ಇರುವವರನ್ನು ಕೇಳಿ, ರೇಟು ಮೊದಲೇ ಮಾತಾಡಿ, ಎಷ್ಟು ಜನಕ್ಕೆ ಎಷ್ಟು ಹೊತ್ತು ಅನ್ನುವುದನ್ನೂ ಸೇರಿಸಿ ಮಾತಾಡಿ.

ನನ್ನ ಮಾತು ಕೇಳುವುದಾದರೆ ಶನಿವಾರ ಮಧ್ಯಾಹ್ನ ಇಳಿದ ಮೇಲೆ ಊಟ ಮಾಡಿ ಸೀದಾ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. ಊರಿನಿಂದ 15 ಕಿಲೋಮೀಟರು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಪುಟ್ಟದು, ತೇಗದ ಮರದ್ದು, ಸುತ್ತ ತೋಟ. ಹೊರಗೋಡೆಯ ಮೇಲೆ ಇಡೀ ಯುದ್ಧ ಬರೆದಿದ್ದಾರೆ, 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ್ದು. ಇಂಗ್ಲಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿರುತ್ತಾನೆ, ಅವನ ಮುಖ ನೋಡಲೇಬೇಕು. ಹುಡುಗನಿಗೆ ಅಂಬಾವಿಲಾಸದ ಚಾವಣಿಗಿಂತ ಅದು ಹಿಡಿಸುತ್ತದೆ, ಬರೆದು ಕೊಡುತ್ತೇನೆ. ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲ, ನೋಡುವುದೆಲ್ಲ ಕೆಳಗೇ ಇದೆ.

ಭಾನುವಾರ ಸಂಜೆ ದೀಪ. ಮುಗಿಯಿತು.

ಅಗ್ರಹಾರದ_ಹಳಬ

ಸುತ್ತೋನು ಅವರೇ, ದರಿಯಾ ದೌಲತ್ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಆದರೆ ಅದನ್ನು ನೋಡಿ ಇದನ್ನು ಬಿಡಿ ಅನ್ನುವುದು ಸರಿಯಲ್ಲ. ಬಾಗಲಕೋಟೆಯಿಂದ ಬಂದವರು, ಮತ್ತೆ ಯಾವಾಗ ಬರುತ್ತಾರೋ. ಬಾಗಿಲು ತೆಗೆದ ಮೊದಲ ಒಂದು ಗಂಟೆ ಭಾನುವಾರವೂ ಪರವಾಗಿಲ್ಲ. ಗುಂಪು ಬಂದರೆ ಪಕ್ಕಕ್ಕೆ ಸರಿದು ನಿಂತರೆ ಆಯಿತು, ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಯಾವಾಗಲೂ ಒಂದೆರಡು ನಿಮಿಷ ಖಾಲಿ ಸಿಗುತ್ತದೆ. ಆ ಎರಡು ನಿಮಿಷದಲ್ಲೇ ಅರಮನೆ ನೋಡಬೇಕು.

ಆಟೋ ಕಥೆ ಮಾತ್ರ ನಿಜ, ನಮ್ಮ ಊರಿಗೆ ನಾಚಿಕೆ.

ಶಿವಮೊಗ್ಗದ_ಸೊಸೆ

ನಾನು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಅವರಿಗೂ ಇದೇ ಮೊಣಕಾಲು. ಹಾಗಾಗಿ ಕಾಲಿನ ವಿಷಯ ಮಾತ್ರ ಬರೆಯುತ್ತೇನೆ, ಇತಿಹಾಸ ಈ ಇಬ್ಬರು ಅಣ್ಣಂದಿರಿಗೇ ಇರಲಿ.

ಅರಮನೆಯೊಳಗೆ ಚಪ್ಪಲಿ ಹಾಕುವ ಹಾಗಿಲ್ಲ. ಹೊರಗೆ ಬಿಡುವ ಜಾಗ ಇದೆ. ಒಳಗೆ ಪೂರ್ತಿ ಬರಿಗಾಲು, ಕಲ್ಲಿನ ನೆಲ, ಜನವರಿ ಬೆಳಿಗ್ಗೆ ಅಂದರೆ ತಣ್ಣಗೆ ಕೊರೆಯುತ್ತದೆ. ಅವ್ವನಿಗೆ ದಪ್ಪನೆಯ ಹತ್ತಿ ಸಾಕ್ಸ್ ಹಾಕಿಸಿ. ನುಣುಪಾದ ನೈಲಾನ್ ಸಾಕ್ಸ್ ಬೇಡ, ನೆಲ ಜಾರುತ್ತದೆ. ಮಧ್ಯಾಹ್ನ ಆದರೆ ಇದರ ಉಲ್ಟಾ, ಹೊರಗಿನ ಕಲ್ಲು ಕಾದಿರುತ್ತದೆ, ಚಪ್ಪಲಿ ಬಿಟ್ಟ ಕಡೆಗೆ ಹೋಗುವಷ್ಟರಲ್ಲಿ ಕುಣಿಯಬೇಕು. ಅದಕ್ಕೂ ಬೆಳಿಗ್ಗೆಯೇ ಒಳ್ಳೆಯದು.

ಮೆಟ್ಟಿಲು ಇದೆ. ಕೆಳಗಿನ ಭಾಗ, ಅಂದರೆ ಗೊಂಬೆ ತೊಟ್ಟಿ, ಆನೆ ಬಾಗಿಲು, ಕಲ್ಯಾಣ ಮಂಟಪ, ಇಷ್ಟೂ ಒಂದೇ ಮಟ್ಟದಲ್ಲಿ ಮುಗಿಯುತ್ತದೆ. ದರ್ಬಾರ್ ಹಾಲು, ಅಂಬಾವಿಲಾಸ ಮಾತ್ರ ಮಹಡಿ ಮೇಲೆ. ಮೆಟ್ಟಿಲು ಅಗಲವಾಗಿದೆ, ಕಡಿದಾಗಿಲ್ಲ, ಆದರೆ ಹಿಂದಿನಿಂದ ಜನ ಬರುತ್ತಾ ಇದ್ದರೆ ಅವಸರ ಆಗುತ್ತದೆ. ಗೋಡೆ ಕಡೆ ಅವ್ವ, ಈ ಕಡೆ ನೀವು, ಮಗ ಮುಂದೆ. ನಾವು ಹಾಗೇ ಮಾಡಿದ್ದು. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ತೆಗೆಯುವ ಕಡೆಯೇ ಕೇಳಿ, ಒಳಗೆ ಹೋದ ಮೇಲೆ ಕೇಳಿದರೆ ವಾಪಸ್ ಬರಬೇಕಾಗುತ್ತದೆ.

ಒಂದು ಮುಖ್ಯವಾದ ವಿಷಯ, ಒಳಗೆ ಹೋಗುವ ದಾರಿ ಬೇರೆ, ಹೊರಗೆ ಬರುವ ದಾರಿ ಬೇರೆ. "ನೀನು ಇಲ್ಲೇ ಕೂತಿರವ್ವಾ, ನಾವು ಮೇಲೆ ನೋಡಿ ಬರುತ್ತೇವೆ" ಅಂತ ಕೂರಿಸಿ ಹೋದರೆ ತಿರುಗಿ ಅದೇ ಜಾಗಕ್ಕೆ ಬರುವುದಕ್ಕೆ ಒದ್ದಾಟ. ಒಟ್ಟಿಗೇ ಇರಿ. ಮೇಲೆ ಹತ್ತುವುದು ಕಷ್ಟ ಅಂತ ಮೊದಲೇ ಅನಿಸಿದರೆ ಅಲ್ಲಿನ ಸಿಬ್ಬಂದಿಗೆ ಹೇಳಿ, ವಯಸ್ಸಾದವರಿಗೆ ಅವರು ಸಹಾಯ ಮಾಡುತ್ತಾರೆ, ನಮಗೆ ಮಾಡಿದರು.

ಆದರೆ ಆಗುವುದಾದರೆ ಹತ್ತಿಸಿ. ನಮ್ಮತ್ತೆ ಕೆಳಗೆಲ್ಲಾ "ಸಾಕು ಬಾರೇ" ಅನ್ನುತ್ತಿದ್ದರು, ದರ್ಬಾರ್ ಹಾಲಿಗೆ ಬಂದ ಮೇಲೆ ಆ ಮಾತೇ ಇಲ್ಲ. ಮುಂದೆ ಗೋಡೆಯೇ ಇಲ್ಲ ನೋಡಿ, ಬರೀ ಕಂಬ ಮತ್ತು ಕಮಾನು, ಅದರಾಚೆ ಅಂಗಳ. ಗಾಳಿ ಬರುತ್ತದೆ. ರವಿವರ್ಮ ಬರೆದ ಸೀತಾ ಸ್ವಯಂವರದ ಚಿತ್ರವೂ ಅಲ್ಲೇ ಇದೆ. ಅತ್ತೆ ಕೈ ಮುಗಿದರು.

ಬಾಗಲಕೋಟೆ_ಬಸು

ಎಲ್ಲರಿಗೂ ಬಹಳ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಕ್ಕ, ಸಾಕ್ಸ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಸುತ್ತೋನು ಅಣ್ಣ, ಶನಿವಾರ ಶ್ರೀರಂಗಪಟ್ಟಣ ಪಕ್ಕಾ. ಭಾನುವಾರ ಬೆಳಿಗ್ಗೆ 10ಕ್ಕೆ ಒಳಗೆ, ಮಧ್ಯಾಹ್ನ ರೂಮಿನಲ್ಲಿ ಅವ್ವ ಮಲಗಲಿ, ಸಂಜೆ ಮತ್ತೆ ದೀಪಕ್ಕೆ. ಹೀಗೆ ಅಂದುಕೊಂಡಿದ್ದೇನೆ.

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಮಗನ ಕಡೆಯಿಂದ ಎರಡು ಪ್ರಶ್ನೆ, ಉತ್ತರ ಬರುವ ತನಕ ಬಿಡುವ ಹಾಗೆ ಕಾಣುವುದಿಲ್ಲ. ಒಂದು, ಅಂಬಾರಿ ಹೊರುವ ಆನೆ ಅಲ್ಲೇ ಇರುತ್ತದಾ? ಎರಡು, ರಾಜ ಮಲಗುವ ಕೋಣೆ ಯಾವುದು, ತೋರಿಸುತ್ತಾರಾ?

ಬಂಡೀಪುರ_ಬೀಟ್

ಆನೆ ಪ್ರಶ್ನೆ ನನ್ನದು, ಯಾರೂ ಮಧ್ಯೆ ಬರಬೇಡಿ.

ಜನವರಿಯಲ್ಲಿ ದಸರಾ ಆನೆಗಳು ಅರಮನೆಯಲ್ಲಿ ಇರುವುದಿಲ್ಲ ಪುಟ್ಟಾ. ಅವು ಅರಣ್ಯ ಇಲಾಖೆಯ ಆನೆಗಳು, ಕಾಡಂಚಿನ ಶಿಬಿರಗಳಲ್ಲಿ ಇರುತ್ತವೆ. ದಸರಾಕ್ಕೆ ಒಂದೂವರೆ ಎರಡು ತಿಂಗಳು ಇರುವಾಗ ಹುಣಸೂರು ಕಡೆಯ ವೀರನಹೊಸಹಳ್ಳಿಯಿಂದ ಪೂಜೆ ಮಾಡಿ ಕಳಿಸುತ್ತಾರೆ, ಗಜಪಯಣ ಅಂತ. ಆಮೇಲೆ ಅರಮನೆ ಅಂಗಳದಲ್ಲೇ ವಾಸ. ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು ಎಲ್ಲಾ ಅಲ್ಲೇ ಬಿಡಾರ ಹಾಕುತ್ತಾರೆ, ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ದಿನಾ ಅರಮನೆಯಿಂದ ಬನ್ನಿಮಂಟಪದವರೆಗೆ ನಡಿಗೆ. ಮೊದಲು ಸುಮ್ನೆ ನಡಿಗೆ, ಆಮೇಲೆ ಬೆನ್ನ ಮೇಲೆ ಮರಳು ಮೂಟೆ, ಅದನ್ನು ದಿನ ಹೋದ ಹಾಗೆ ಜಾಸ್ತಿ ಮಾಡುತ್ತಾರೆ, ಆಮೇಲೆ ಮರದ ಅಂಬಾರಿ. ಯಾಕೆಂದರೆ ವಿಜಯದಶಮಿ ದಿನ ಹೊರಬೇಕಾದದ್ದು 750 ಕಿಲೋ. ಚಿನ್ನದ ತಗಡು ಹೊದಿಸಿದ ಅಂಬಾರಿ, ಒಳಗೆ ಚಾಮುಂಡೇಶ್ವರಿಯ ಮೂರ್ತಿ. ಫಿರಂಗಿ ಸದ್ದಿಗೆ ಬೆದರಬಾರದು ಅಂತ ಅದಕ್ಕೂ ಮೊದಲೇ ಕುಶಾಲತೋಪು ಹಾರಿಸಿ ರೂಢಿ ಮಾಡಿಸುತ್ತಾರೆ.

2020ರಿಂದ ಅಂಬಾರಿ ಹೊತ್ತದ್ದು ಅಭಿಮನ್ಯು. ಅವನಿಗಿಂತ ಮುಂಚೆ ಅರ್ಜುನ, 2012ರಿಂದ 2019ರ ತನಕ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕೆಲಸದಲ್ಲಿದ್ದಾಗ ಕಾಡಾನೆಯ ಜೊತೆ ಕಾದಾಡಿ ಸತ್ತ. ಆ ದಿನ ನಮ್ಮಲ್ಲಿ ಬಹಳ ಜನ ಊಟ ಮಾಡಲಿಲ್ಲ. ಅದಕ್ಕೂ ಹಿಂದೆ ಬಲರಾಮ, ಅದಕ್ಕೂ ಹಿಂದೆ ದ್ರೋಣ.

ಆನೆ ಇಲ್ಲದಿದ್ದರೂ ಅಂಬಾರಿ ಇದೆ, ಗಾಜಿನ ಹಿಂದೆ ಇಟ್ಟಿರುತ್ತಾರೆ, ಮಗನಿಗೆ ಅದನ್ನು ತೋರಿಸಿ ಈ ತೂಕದ ಲೆಕ್ಕ ಹೇಳಿ. ಆನೆಯನ್ನೇ ನೋಡಬೇಕು ಅಂದರೆ ದಸರಾ ದಿನಗಳಲ್ಲಿ ಬರಬೇಡಿ, ಅವ್ವನ ಜೊತೆ ಅದು ಆಗದ ಮಾತು, ಕಾಲಿಡಲು ಜಾಗ ಇರುವುದಿಲ್ಲ. ದಸರಾಕ್ಕೆ ಮೂರ್ನಾಲ್ಕು ವಾರ ಮುಂಚೆ ಬನ್ನಿ. ಬೆಳಿಗ್ಗೆ ಬೇಗ ಎದ್ದು ಸಯ್ಯಾಜಿರಾವ್ ರಸ್ತೆಯ ಪಕ್ಕ ನಿಂತರೆ ಸಾಕು, ಸಾಲಾಗಿ ಎದುರಿಗೇ ಬರುತ್ತವೆ, ಟಿಕೆಟ್ಟೂ ಇಲ್ಲ, ಪಾಸೂ ಬೇಡ.

ಕಬ್ಬಿಣ_ಕಲ್ಲು_ಗಾರೆ

ಎರಡನೇ ಪ್ರಶ್ನೆಗೆ ನಾನು. ಹುಡುಗ ಸರಿಯಾಗಿಯೇ ಕೇಳಿದ್ದಾನೆ. ಟಿಕೆಟ್ ತೆಗೆದುಕೊಂಡು ನಾವು ನೋಡುವುದು ಹೆಚ್ಚಾಗಿ ಆಚರಣೆಯ ಭಾಗ, ಮದುವೆ, ದರ್ಬಾರು, ಕುಸ್ತಿ. ಹೌದು, ಕುಸ್ತಿಯ ಅಂಗಳ ಇದೆ, ವಿಜಯದಶಮಿಗೆ ಜಟ್ಟಿಗಳು ವಜ್ರಮುಷ್ಟಿ ಕಾಳಗ ಮಾಡುವುದು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ. ತಲೆ ಬೋಳಿಸಿಕೊಂಡು, ಬೆರಳಿಗೆ ಕೊಂಬಿನ ಆಯುಧ ಹಾಕಿಕೊಂಡು ಗುದ್ದುತ್ತಾರೆ, ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಬಂದರೆ ಮುಗಿಯಿತು. ಇದನ್ನು ಹೇಳಿದರೆ ನಿಮ್ಮ ಮಗ ಆ ಅಂಗಳ ಬಿಟ್ಟು ಬರುವುದಿಲ್ಲ, ಯೋಚಿಸಿ ಹೇಳಿ.

ರಾಜಮನೆತನದವರ ವಾಸದ ಭಾಗ ಹಿಂದುಗಡೆ, ಅದಕ್ಕೆ ಪ್ರವೇಶ ಇಲ್ಲ. ಪಕ್ಕದಲ್ಲೇ ಅವರದೇ ವಸ್ತುಸಂಗ್ರಹಾಲಯ ಒಂದಿದೆ, ಬೇರೆ ಟಿಕೆಟ್, ಹಳೆಯ ಮನೆಬಳಕೆಯ ವಸ್ತುಗಳನ್ನು ಇಟ್ಟಿದ್ದಾರೆ. ಅವ್ವನಿಗೆ ಸುಸ್ತಾಗಿದ್ದರೆ ಬಿಟ್ಟುಬಿಡಿ.

ಅದರ ಬದಲು ಕೋಟೆಯೊಳಗಿನ ಶ್ವೇತವರಾಹಸ್ವಾಮಿ ದೇವಸ್ಥಾನಕ್ಕೆ ಹೋಗಿ, ವರಾಹ ಬಾಗಿಲಿನ ಹತ್ತಿರವೇ ಇದೆ, ಅಲ್ಲಿಗೆ ಟಿಕೆಟ್ ಇಲ್ಲ. ಒಳಗೆ ಹೋದರೆ ಹೊಯ್ಸಳರ ಕಾಲದ ಕೆತ್ತನೆಯ ಬಾಗಿಲವಾಡ ಕಾಣುತ್ತದೆ. ಹಾಳಾಗಿದ್ದ ಹೊಯ್ಸಳ ದೇವಸ್ಥಾನವೊಂದರ ಕಲ್ಲು ತಂದು ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಬಾದಾಮಿ, ಐಹೊಳೆ ಪಕ್ಕದಲ್ಲೇ ಇಟ್ಟುಕೊಂಡಿರುವ ನಿಮಗೆ ಕಲ್ಲಿನ ಬಗ್ಗೆ ನಾನು ಹೇಳುವುದು ಜಾಸ್ತಿಯಾಯಿತು, ಆದರೂ ನೋಡಿ. ನೆರಳಿದೆ, ಕೂರಲು ಜಾಗ ಇದೆ.

ಸುಮ್ನೆ_ಸುತ್ತೋನು

ವಜ್ರಮುಷ್ಟಿ ವಿಷಯ ಮಗನಿಗೆ ಖಂಡಿತ ಹೇಳಿ. ಇಂಜಿನಿಯರ್ ಮಾತು ಕೇಳಬೇಡಿ.

ಶಿವಮೊಗ್ಗದ_ಸೊಸೆ

ಸಂಜೆ ದೀಪದ ಹೊತ್ತಿಗೆ ಎಲ್ಲಿ ಕೂರುವುದು ಅಂತ ಯಾರೂ ಹೇಳಲೇ ಇಲ್ಲವಲ್ಲ. ಅವ್ವನನ್ನು ಮುಕ್ಕಾಲು ಗಂಟೆ ನಿಲ್ಲಿಸಬೇಡಿ. ಹಳಬರೇ?

ಅಗ್ರಹಾರದ_ಹಳಬ

ಆರೂಕಾಲಿಗೆ ಒಳಗೆ ಬಂದುಬಿಡಿ. ದರ್ಬಾರ್ ಹಾಲಿನ ಎದುರಿನ ಅಂಗಳದಲ್ಲಿ, ಗೋಪುರಕ್ಕೆ ನೇರವಾಗಿ ಹತ್ತಿರ ಕೂರಬೇಡಿ, ಕತ್ತು ನೋಯುತ್ತದೆ, ಇಡೀ ಅರಮನೆ ಕಣ್ಣಿಗೆ ಸಿಗುವುದೂ ಇಲ್ಲ. ಪೂರ್ವದ ಜಯಮಾರ್ತಾಂಡ ಬಾಗಿಲಿನ ಕಡೆಗೆ ಹಿಂದೆ ಸರಿದು ಹಳೇ ಬೆಡ್‌ಶೀಟು ಹಾಸಿಕೊಂಡು ಕೂತುಬಿಡಿ, ಕೆಳಗೆ ಕೂರಲು ಅವ್ವನಿಗೆ ಕಷ್ಟ ಆದರೆ ಮಡಚುವ ಸಣ್ಣ ಸ್ಟೂಲ್ ಇಟ್ಟುಕೊಳ್ಳಿ. ಜನವರಿ ಸಂಜೆ ಚಳಿ ಇರುತ್ತದೆ, ಶಾಲು ಬೇಕು. ದೀಪ ಹತ್ತಿದ ಮೇಲೆ ಎಲ್ಲರೂ ಫೋಟೋಕ್ಕೆ ಅಂತ ಮುಂದೆ ನುಗ್ಗುತ್ತಾರೆ, ಆಗ ಹಿಂದಿನ ಜಾಗ ಇನ್ನೂ ಆರಾಮ.

ವಾಪಸ್ ಹೋಗುವಾಗ ಕೊನೆಯವರೆಗೆ ಕೂರಬೇಡಿ, ಐದು ನಿಮಿಷ ಮೊದಲೇ ಎದ್ದುಬಿಡಿ. ಮುಗಿದ ತಕ್ಷಣ ಅಷ್ಟೂ ಜನ ಒಂದೇ ಸಲ ಗೇಟಿಗೆ ಬರುತ್ತಾರೆ, ಆ ಹೊತ್ತಿಗೆ ಗೇಟಿನ ಎದುರು ಆಟೋ ಕೇಳಿದರೆ ಬಾಯಿಗೆ ಬಂದ ರೇಟು. ರೂಮು ಎಲ್ಲಿ ಮಾಡಿದ್ದೀರಿ ಹೇಳಿ, ಯಾವ ಬಾಗಿಲಿನಿಂದ ಹೊರಗೆ ಬಂದರೆ ನಡಿಗೆ ಕಡಿಮೆ ಅಂತ ಬರೆಯುತ್ತೇನೆ.